ಬಿಳಿ ಡಬ್ಬಿಗಿಂತ ಇನ್ನೂರು ಜಾಸ್ತಿ

ಗಂಡ: ಹಲಗೆ ಮೇಲಿದ್ದ ಬೆಲೆ ಅಳಿಸಿದ್ದು ಯಾರು?

ಹೆಂಡತಿ: ನಾನೇ. ಸಾವಿರದೈನೂರು ಅಂತ ಬರೆಯುವಾಗ ನೀವು ನನ್ನನ್ನ ಕೇಳಿದ್ರಾ?

ಗಂಡ: ಎದುರಂಗಡಿಯ ಬಿಳಿ ಡಬ್ಬಿ ಸ್ಪೀಕರ್‌ಗೆ ಮೂರು ಸಾವಿರ. ಯಾರ ಮನೇಲಿ ನೋಡಿದ್ರೂ ಅದೇ ಹಾಡ್ತಿದೆ. ನಾವು ಅರ್ಧ ಬೆಲೆಗೆ ಕೊಟ್ಟರೆ ತಾನೇ ಜನ ಈ ಕಡೆ ತಿರುಗಿ ನೋಡೋದು?

ಹೆಂಡತಿ: ನೋಡಿದ್ರಲ್ಲ. ಬೆಳಿಗ್ಗೆ ಮೇಷ್ಟ್ರು ನಮ್ಮ ಸ್ಪೀಕರನ್ನ ತಲೆಕೆಳಗು ಮಾಡಿಯೇ ನೋಡಿದ್ರು. ‘ಅರ್ಧ ಬೆಲೆ ಅಂದ್ರೆ ಹಾಡೂ ಅರ್ಧಕ್ಕೇ ನಿಲ್ಲುತ್ತಾ?’ ಅಂತ ಕೇಳಿ ಹೋದ್ರು.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ರಿಪೇರಿ ಮಾಡುತ್ತಿದ್ದ ಗಂಡ ತಾನೇ ಮರ ಕೊಯ್ದು, ತಂತಿ ಬೆಸೆದು ಮಾಡಿದ ಸ್ಪೀಕರ್‌ಗಳು ಮೇಜು ತುಂಬಿ, ಒಳಗಿನ ಮಂಚವನ್ನೂ ಹತ್ತಿವೆ. ದಂಪತಿ ನೆಲಕ್ಕಿಳಿದಿದ್ದಾರೆ. ಎದುರಿನ ದೊಡ್ಡ ಅಂಗಡಿ ಹೆಂಡತಿಯ ಅಣ್ಣನದು. ಈ ತಿಂಗಳು ಒಂದೂ ಮಾರಾಟವಾಗದಿದ್ದರೆ ಭಾವನ ಕೌಂಟರಿನಲ್ಲಿ ನಿಂತು ಬಿಳಿ ಡಬ್ಬಿ ಮಾರುತ್ತೇನೆ ಎಂದು ಗಂಡ ಮಾತು ಕೊಟ್ಟಾಗಿದೆ. ಇವತ್ತು ತಿಂಗಳ ಕೊನೆ. ಹೆಂಡತಿ ಹಲಗೆ ಮೇಲೆ ಹೊಸ ಬೆಲೆ ಬರೆದಳು.

ಗಂಡ: ಮೂರು ಸಾವಿರದ ಇನ್ನೂರಾ? ಆನೆ ಎದುರು ಇಲಿ ಮೀಸೆ ತಿರುವಿದ ಹಾಗಾಯ್ತು ಕಣೇ.

ಹೆಂಡತಿ: ಬಗ್ಗಿದವನಿಗೆ ಒಂದು ಗುದ್ದು ಜಾಸ್ತಿ. ಬಗ್ಗಿ ನೋಡಿದ್ದಾಯ್ತು, ಇನ್ನು ಮೀಸೆ ತಿರುವಿ ನೋಡೋಣ.

ಗಂಡ: ಯಾಕೆ ಜಾಸ್ತಿ ಅಂತ ಕೇಳಿದ್ರೆ?

ಹೆಂಡತಿ: ಸುಮ್ಮನಿರಿ. ನೀವು ಬಾಯಿ ಬಿಟ್ರೆ ಬೆಲೆ ಇಳಿಯುತ್ತೆ.

ಗಂಡ: ಸುಮ್ಮನಿದ್ರೆ ಏರುತ್ತಾ?

ಹೆಂಡತಿ: ನಮ್ಮಪ್ಪ ನಿಮ್ಮನ್ನ ಒಪ್ಪಿದ್ದು ನೀವು ಸುಮ್ಮನೆ ಕೂತಿದ್ದಕ್ಕೇ.

ಅಷ್ಟರಲ್ಲಿ ಅಣ್ಣ ರಸ್ತೆ ದಾಟಿ ಬಂದ. ಹಲಗೆ ಓದಿದ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದ.

ಅಣ್ಣ: ರಿಪೇರಿಯವರೇ, ಕೈತಪ್ಪಿ ಬರೆದದ್ದಾ ಇದು?

ಗಂಡ ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿದ.

ಅಣ್ಣ: ನಿನ್ನೆ ಸಾವಿರದೈನೂರು ಇತ್ತು. ಒಳಗೆ ಏನು ಬದಲಾಯಿಸಿದ್ರಿ?

ಗಂಡ: ಹ್ಞೂಂ.

ಅಣ್ಣ: ಹ್ಞೂಂ ಅಂದ್ರೆ? ಬ್ಯಾಟರಿನಾ? ಯಾರಾದ್ರೂ ದೊಡ್ಡ ಆರ್ಡರ್ ಕೊಟ್ಟರಾ?

ಹೆಂಡತಿ: ಅವರಿಗೆ ಕೆಲಸ ಇದೆ ಅಣ್ಣ.

ಗಂಡ ಅವಸರದಿಂದ ಸ್ಕ್ರೂಡ್ರೈವರ್ ಒರೆಸತೊಡಗಿದ.

ಅಣ್ಣ: ನನ್ನ ಹತ್ತಿರ ಗುಟ್ಟಾ? ಒಂದು ಕೊಡಿ ಇಲ್ಲಿ, ಬಿಚ್ಚಿ ನೋಡ್ತೀನಿ.

ಹೆಂಡತಿ: ಕೊಂಡವರು ಧಾರಾಳವಾಗಿ ಬಿಚ್ಚಬಹುದು.

ಅಣ್ಣ: ಸರಿ, ಮನೆಯವನು ಅಂತ ಒಂಚೂರು ಕಡಿಮೆ…

ಹೆಂಡತಿ: ನಿನ್ನ ಅಂಗಡೀಲಿ ನನಗೆ ಯಾವತ್ತಾದ್ರೂ ಕಡಿಮೆ ಮಾಡಿದ್ಯಾ?

ಅಣ್ಣ ಪೂರ್ತಿ ದುಡ್ಡು ಕೊಟ್ಟ. ಸ್ಪೀಕರನ್ನು ಅಂಗಿಯೊಳಗೆ ತುರುಕಿಕೊಂಡು, ತನ್ನ ಗಿರಾಕಿಗಳ ಕಣ್ಣಿಗೆ ಬೀಳದಂತೆ ಓಣಿ ಬಳಸಿ ಹೋದ.

ಗಂಡ: ಹಾಗಾದ್ರೆ ನಾಳೆ ನಾನು ಕೌಂಟರಿಗೆ ಹೋಗೋದು ಬೇಡ.

ಹೆಂಡತಿ: ಬೇಡ. ಆದ್ರೆ ಸೀಮೆಸುಣ್ಣ ಯಾಕೆ ತಗೊಂಡ್ರಿ?

ಗಂಡ: ನಾಲ್ಕು ಸಾವಿರ ಬರೀತೀನಿ.

ಹೆಂಡತಿ: ಬಿಡಿ ರೀ. ಪಾಪ, ನಮ್ಮಣ್ಣನೂ ಬದುಕಬೇಕಲ್ಲ.