ಹರಿಹರದಲ್ಲಿ ಗಾಲ್ಫ್ ಕಲಿಸಿದ್ದು

ಇದು ೧೯೬೦ರಲ್ಲಿ ನಡೆದದ್ದು. ಆಗ ನಾನು ಬಿ.ಎಸ್ಸಿ. ಮುಗಿಸಿ ದಾವಣಗೆರೆಯ ಸೋದರಮಾವನ ಮನೆಯಲ್ಲಿದ್ದೆ. ದಿನಾ ರೈಲಿನಲ್ಲಿ ಹರಿಹರಕ್ಕೆ ಹೋಗಿ, ಹೊಳೆದಂಡೆಯ ಒಂದು ಕ್ಲಬ್ಬಿನಲ್ಲಿ ಸಂಬಳಕ್ಕೆ ಗಾಲ್ಫ್ ಕಲಿಸುತ್ತಿದ್ದೆ. ಆಟ ಕಲಿತದ್ದು ಕೋಲಾರದ ಗಣಿಯೂರಿನಲ್ಲಿ. ಅಪ್ಪ ಅಲ್ಲಿನ ಮೈದಾನ ನೋಡಿಕೊಳ್ಳುತ್ತಿದ್ದರು. ಕೆಲಸ ಸಿಕ್ಕಿದ್ದು ಬೇರೆ ಯಾರೂ ಅರ್ಜಿ ಹಾಕದಿದ್ದುದರಿಂದ. ಸಂಬಳಕ್ಕೆ ಗಾಲ್ಫ್ ಆಡುವ ಹೆಂಗಸನ್ನು ಆ ಸೀಮೆ ಅದುವರೆಗೆ ಕಂಡಿರಲಿಲ್ಲ. ಕಾಣದ್ದನ್ನು ಕಂಡಾಗ ಜನ ಏನಾದರೊಂದು ಮಾಡುತ್ತಾರೆ. ನನ್ನ ಸುತ್ತ ವಾರಕ್ಕೊಂದರಂತೆ ಮಾಡಿದರು.

ಕ್ಲಬ್ಬಿನ ಷರತ್ತು ಒಂದೇ: ಆರು ತಿಂಗಳು ನೋಡುತ್ತೇವೆ, ಸರಿ ಕಂಡರೆ ಖಾಯಂ. ಮಾವನ ಷರತ್ತೂ ಒಂದೇ: ಖಾಯಂ ಆಗದಿದ್ದರೆ ಗಾಲ್ಫ್ ಕೋಲುಗಳನ್ನು ಅಟ್ಟಕ್ಕೆ ಹಾಕಿ, ಅವರು ಗೊತ್ತುಮಾಡಿಟ್ಟ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಬೇಕು. ಎರಡಕ್ಕೂ ಒಪ್ಪಿದೆ.

೧. ಬೇವಿನ ಮರ

ಮೊದಲ ದಿನ ಗೇಟಿನ ಕಾವಲುಗಾರ ತಡೆದು, ಯಾವ ಸಾಹೇಬರ ಮನೆಯವರು ಎಂದು ಕೇಳಿದ. ಯಾರ ಮನೆಯವಳೂ ಅಲ್ಲ, ಕಲಿಸಲು ಬಂದವಳು ಎಂದೆ. ಹಾಗಾದರೆ ಹಿಂದಿನ ಬಾಗಿಲು ಎಂದ. ಹಿಂದಿನ ಬಾಗಿಲಲ್ಲಿದ್ದ ಅಡಿಗೆಯವನು, ಹೆಂಗಸರು ಈ ಕಡೆ ಬರುವಂತಿಲ್ಲ ಎಂದು ಮುಂದಿನ ಬಾಗಿಲಿಗೆ ಕಳಿಸಿದ.

ಸೆಕ್ರೆಟರಿಯವರು ಬಂದು ನಿಯಮ ವಿವರಿಸಿದರು. ದೊಡ್ಡ ಹಾಲ್ ಮೆಂಬರುಗಳಿಗೆ. ಲೇಡೀಸ್ ರೂಮ್ ಮೆಂಬರುಗಳ ಹೆಂಡಂದಿರಿಗೆ. ಸಂಬಳದವರಿಗೆ ಹಿಂದಿನ ಕೋಣೆ, ಆದರೆ ಅದು ಗಂಡಸರದು. ಸಂಬಳದವಳಾದ್ದರಿಂದ ನಾನು ಲೇಡೀಸ್ ರೂಮಿಗೆ ಸಲ್ಲುವುದಿಲ್ಲ. ಹೆಂಗಸಾದ್ದರಿಂದ ಹಿಂದಿನ ಕೋಣೆಗೂ ಸಲ್ಲುವುದಿಲ್ಲ. ಕಮಿಟಿ ಎರಡು ಸಲ ಕೂತು, ಹೊರಗೆ ಬೇವಿನ ಮರದ ಕೆಳಗೆ ನನಗೊಂದು ಕುರ್ಚಿ ಮಂಜೂರು ಮಾಡಿತು.

ಮಳೆ ಬಂದರೆ ಎಂದು ಕೇಳಿದೆ.

"ಮಳೆ ವಿಷಯ ಈ ಸಲದ ಅಜೆಂಡಾದಾಗೆ ಇರ್ಲಿಲ್ಲಮ್ಮ," ಎಂದರು ಸೆಕ್ರೆಟರಿ.

೨. ಕೈ ಮುಟ್ಟದ ಪಾಠ

ಗಾಲ್ಫ್ ಪಾಠದಲ್ಲಿ ಮೊದಲ ಕೆಲಸ, ಕೋಲು ಹಿಡಿದ ಬೆರಳುಗಳನ್ನು ಸರಿಮಾಡುವುದು. ನನ್ನ ಶಿಷ್ಯರೆಲ್ಲ ಗಂಡಸರು, ಮೊದಲನೆಯವರು ಸೆಕ್ರೆಟರಿ. ಅವರ ಕೈ ನಾನು ಮುಟ್ಟುವಂತಿಲ್ಲ. ಮುಟ್ಟಿದ್ದರೆ ಸುದ್ದಿ ನನಗಿಂತ ಮುಂಚಿನ ರೈಲಿನಲ್ಲಿ ದಾವಣಗೆರೆ ಸೇರುತ್ತಿತ್ತು. ಕೊನೆಗೆ ಅವರ ಹೆಂಡತಿಯನ್ನು ಕರೆಸಿದೆವು. ನಾನು ಎರಡು ಮಾರು ದೂರ ನಿಂತು ಹೇಳುವುದು, ಆಕೆ ಗಂಡನ ಬೆರಳು ತಿರುಗಿಸುವುದು.

ಮೊದಲ ವಾರ ಆಕೆ ನಾಚಿಕೊಂಡು ತಿರುಗಿಸಿದರು. ಎರಡನೆಯ ವಾರ ನಾನು ಬಾಯಿ ತೆರೆಯುವ ಮುಂಚೆಯೇ ಶುರುಮಾಡಿದರು: "ತಲೆ ತಗ್ಗಸ್ರಿ. ಇನ್ನೂ ತಗ್ಗಸ್ರಿ. ಮ್ಯಾಲೆ ನೋಡಬ್ಯಾಡ್ರಿ, ನೆಲ ನೋಡ್ರಿ." ಸೆಕ್ರೆಟರಿ ತಗ್ಗಿಸಿದರು, ನೆಲ ನೋಡಿದರು, ಕೋಲು ಬೀಸಿದರು. ಚೆಂಡು ಇದ್ದಲ್ಲೇ ಇತ್ತು.

ಮೂರು ತಿಂಗಳಾದರೂ ಅವರ ಆಟ ಸುಧಾರಿಸಲಿಲ್ಲ. ಬೇರೆ ವಿಧಾನ ನೋಡೋಣವೇ ಎಂದು ಆಕೆಯನ್ನು ಕೇಳಿದೆ.

"ಬ್ಯಾಡ ತಂಗಿ, ಹಿಂಗೇ ನಡೀಲಿ," ಎಂದರು. "ಮದುವೆಯಾಗಿ ಇಪ್ಪತ್ತು ವರ್ಷಾತು. ಇವ್ರು ನಾ ಹೇಳಿದ್ದು ಕೇಳಿದ್ದು ಇಲ್ಲೇ."

೩. ರೈಲಿನಲ್ಲಿ

ಒಮ್ಮೆ ಟಿಕೆಟ್ ಕಲೆಕ್ಟರು ನನ್ನ ಕೋಲುಗಳ ಚೀಲದ ಮುಂದೆ ನಿಂತು, ಇದೇನು ಎಂದರು. ಆಟದ ಸಾಮಾನು ಎಂದೆ. ಆಡುವವರು ಯಾರು ಎಂದರು. ಆಫೀಸರುಗಳು ಎಂದೆ. ಹೇಗೆ ಆಡುವುದು ಎಂದರು. ಚೆಂಡನ್ನು ದೂರ ಹೊಡೆಯುವುದು, ಅದು ಬಿದ್ದಲ್ಲಿಗೆ ನಡೆದು ಹೋಗಿ ಮತ್ತೆ ಹೊಡೆಯುವುದು ಎಂದೆ. ಅವರು ಸ್ವಲ್ಪ ಯೋಚಿಸಿ, ನಾನು ಎಲ್ಲಿಯವರೆಗೆ ಓದಿದ್ದೇನೆ ಎಂದು ಕೇಳಿದರು. ಬಿ.ಎಸ್ಸಿ. ಎಂದೆ.

ಟಿಕೆಟ್ಟು ವಾಪಸು ಕೊಟ್ಟು ಪಕ್ಕದ ಪ್ರಯಾಣಿಕರಿಗೆ ಹೇಳಿದರು: "ನನ್ನ ಮಗಳೂ ಬಿ.ಎಸ್ಸಿ. ಸೇರ್ತೀನಿ ಅಂತ ಕುಂತಾಳೆ. ಇವತ್ತೇ ಹೋಗಿ ಬ್ಯಾಡ ಅಂತೀನಿ."

೪. ಬೆಳೆ

ಕ್ಲಬ್ಬಿನ ಬೇಲಿಯಾಚೆ ಒಂದು ಎರೆಹೊಲ. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟಿರುತ್ತಿತ್ತು. ಬೇಲಿ ದಾಟಿದ ಚೆಂಡು ಬಿರುಕಿಗೆ ಬಿದ್ದರೆ ಮತ್ತೆ ಸಿಗುತ್ತಿರಲಿಲ್ಲ. ಮೊದಲ ಮಳೆಯಾಗಿ ಉಳುಮೆ ಮುಗಿದ ಮೇಲೆ ಹೊಲದ ರೈತ ಒಂದು ಬುಟ್ಟಿ ಚೆಂಡು ಹೊತ್ತುಕೊಂಡು ಬಂದ. ನಿಮ್ಮ ಬೆಳೆ ಬಂದಿದೆ, ನೋಡಿಕೊಳ್ಳಿ ಎಂದ.

ಸೆಕ್ರೆಟರಿ ಬುಟ್ಟಿಗೆ ಕೈಚಾಚಿದರು. ರೈತ ಬುಟ್ಟಿ ಹಿಂದಕ್ಕೆ ಎಳೆದುಕೊಂಡ.

"ಅದು ಹೆಂಗಾಗ್ತೈತ್ರಿ? ಬೀಜ ನಿಮ್ದು. ಹೊಲ ನಂದು, ಉಳುಮೆ ನಂದು. ನಮ್ಮ ಕಡೆ ಎಲ್ಲಾರೂ ಅರ್ಧ ಅರ್ಧ."

ಮೆಂಬರುಗಳೆಲ್ಲ ಜಗಲಿಯ ಮೇಲೆ ಕೂತರು, ಪಾಲು ಶುರುವಾಯಿತು. ಮೆಂಬರುಗಳು ತಮ್ಮ ಚೆಂಡಿಗೆ ಶಾಯಿಯ ಗುರುತು ಹಾಕುವುದು ರೂಢಿ. ಸೆಕ್ರೆಟರಿ ಒಂದೊಂದೇ ಎತ್ತಿ, ಅದು ಯಾರದೆಂದು ಗುರುತು ನೋಡಿ ಗಟ್ಟಿಯಾಗಿ ಹೇಳತೊಡಗಿದರು. ಸ್ವಲ್ಪ ಹೊತ್ತಿಗೆ ದನಿ ಇಳಿಯಿತು, ಆಮೇಲೆ ನಿಂತಿತು. ಎಲ್ಲವೂ ಅವರವೇ.

"ಅಂದ್ರೆ ಇಷ್ಟೂ ಸಾಹೇಬ್ರೊಬ್ರೇ ಬಿತ್ತಿದ್ದಾ?" ಎಂದ ರೈತ. "ಮೈಮುರಿದು ದುಡಿದಾರೆ ಬಿಡ್ರಿ."

೫. ಬೆಳ್ಳಿ ಕಪ್

ಆರು ತಿಂಗಳು ಮುಗಿಯಿತು. ಖಾಯಂ ಮಾಡುವ ಮಾತು ಬಂದಾಗ, ಸೆಕ್ರೆಟರಿ ತಮ್ಮ ಆಟ ಸುಧಾರಿಸದಿರುವುದನ್ನೇ ನನ್ನ ವಿರುದ್ಧ ಸಾಕ್ಷಿಯಾಗಿ ಮುಂದಿಟ್ಟರು. ಕಮಿಟಿ ಇಬ್ಭಾಗವಾಯಿತು. ಕೊನೆಗೆ ನನಗೂ ಅವರಿಗೂ ಒಂಬತ್ತು ಕುಳಿಗಳ ಒಂದು ಪಂದ್ಯ ಇಟ್ಟು ನೋಡುವುದು ಎಂದಾಯಿತು. ದಾವಣಗೆರೆಯ ಅರಳೆ ಮಂಡಿಯ ಧಣಿಯೊಬ್ಬರು ಬೆಳ್ಳಿ ಕಪ್ ಕೊಟ್ಟು, ಮುಖ್ಯ ಅತಿಥಿಯಾಗಿ ಬರಲು ಒಪ್ಪಿದರು. ಗಾಲ್ಫ್ ಅವರು ಅದುವರೆಗೆ ನೋಡಿರಲಿಲ್ಲ. ಕ್ಲಬ್ಬಿಗೆ ಹೊಸ ಕಟ್ಟಡ ಕಟ್ಟಿಸಿಕೊಡುತ್ತೇನೆ ಎಂದಿದ್ದರು.

ಅಷ್ಟು ಹೊತ್ತಿಗೆ ಮಾವನಿಗೂ ನನ್ನ ಸಂಬಳ ಒಗ್ಗಿತ್ತು. ಪಂದ್ಯದ ಹಿಂದಿನ ದಿನ ಹತ್ತಿರ ಕೂರಿಸಿಕೊಂಡು ಹೇಳಿದರು: "ಸೋಲು. ಜಾಸ್ತಿ ಬ್ಯಾಡ, ಒಂಚೂರು ಸೋಲು. ಸಾಹೇಬ್ರನ್ನ ಗೆದ್ದು ಅವ್ರ ಹತ್ರನೇ ಕೆಲಸ ಕೇಳಾಕೆ ಆಗ್ತೈತಾ?" ಸೆಕ್ರೆಟರಿಯ ಹೆಂಡತಿ ಬೆಳಿಗ್ಗೆ ಸಿಕ್ಕಿ, ಏನೇ ಆದರೂ ಗೆಲ್ಲದೆ ಬಿಡಬೇಡ ಎಂದರು. ನಾನು ಎರಡನ್ನೂ ತೂಗಿ ನೋಡಿದೆ. ಗೆದ್ದರೆ ಸೆಕ್ರೆಟರಿಗೆ ಸಿಟ್ಟು. ಸೋತರೆ ಕಲಿಸುವ ಯೋಗ್ಯತೆ ಇಲ್ಲ. ಹೇಗಾದರೂ ಕೆಲಸ ಹೋಗುವುದರಿಂದ ಚೆನ್ನಾಗಿ ಆಡುವುದೆಂದು ತೀರ್ಮಾನಿಸಿದೆ.

ಗಾಲ್ಫಿನಲ್ಲಿ ಕಡಿಮೆ ಹೊಡೆತಕ್ಕೆ ಚೆಂಡನ್ನು ಕುಳಿಗಳಿಗೆ ಹಾಕಿದವರು ಗೆದ್ದಂತೆ. ನನಗೆ ಹಿಡಿದದ್ದು ನಲವತ್ತೊಂದು ಹೊಡೆತ, ಸೆಕ್ರೆಟರಿಯವರಿಗೆ ಅರವತ್ತಮೂರು. ಗುಮಾಸ್ತ ಎರಡೂ ಅಂಕಗಳನ್ನು ಓದಿದ. ಗೆದ್ದವರು ಯಾರೆಂದು ಓದುವಷ್ಟರಲ್ಲಿ ಧಣಿ ಎದ್ದು, ಸೆಕ್ರೆಟರಿಯ ಹೆಗಲು ತಟ್ಟಿ, ಕಪ್ ಅವರ ಕೈಯಲ್ಲಿಟ್ಟರು. ಇಪ್ಪತ್ತೆರಡು ಹೆಚ್ಚು ಹೊಡೆಯುವುದೆಂದರೆ ತಮಾಷೆಯಲ್ಲ ಎಂದು ಸಭೆಗೆ ಹೇಳಿದರು. ಕಟ್ಟಡ ನೆನೆದು ಯಾರೂ ಬಾಯಿ ಬಿಡಲಿಲ್ಲ. ಸೆಕ್ರೆಟರಿ ಒಮ್ಮೆ ಧಣಿಯನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಕಪ್ ಕೆಳಗಿಡಲಿಲ್ಲ.

ಧಣಿ ನನ್ನ ಕಡೆ ತಿರುಗಿದರು. "ಬೇಜಾರು ಮಾಡ್ಕೋಬ್ಯಾಡ ತಂಗಿ. ಇಂಥೋರ ಎದುರಿಗೆ ನಲವತ್ತೊಂದು ಅಂದ್ರೂ ಸಣ್ಣ ಮಾತಲ್ಲ. ಸೆಕ್ರೆಟ್ರಿಗಳೇ, ಈ ಹುಡುಗಿನ ಖಾಯಂ ಇಟ್ಕೊಳ್ರಿ. ನಿಮ್ಮ ಕೈಯಾಗೆ ಪಳಗ್ತಾಳೆ."

ಇಲ್ಲವೆನ್ನಲು ಸೆಕ್ರೆಟರಿಗೆ ದಾರಿ ಇರಲಿಲ್ಲ. ಕಪ್ಪನ್ನು ಕಂಕುಳಲ್ಲಿಟ್ಟುಕೊಂಡೇ ನನ್ನ ನೇಮಕದ ಆದೇಶಕ್ಕೆ ರುಜು ಹಾಕಿದರು. ಮನೆಗೆ ಬಂದು, ಕಪ್ ಅವರಿಗೆ, ಕೆಲಸ ನನಗೆ ಎಂದು ಹೇಳಿದಾಗ ಮಾವ, ನೋಡು, ಸೋತದ್ದಕ್ಕೇ ಕೆಲಸ ಉಳಿಯಿತು ಎಂದರು.

ಧಣಿ ಆಮೇಲೆ ಕಪ್ಪನ್ನು ತರಿಸಿಕೊಂಡು, ಅದರ ಮೇಲೆ ಸೆಕ್ರೆಟರಿಯ ಹೆಸರನ್ನೂ ಅಂಕವನ್ನೂ ದೊಡ್ಡದಾಗಿ ಕೆತ್ತಿಸಿ ಕಳಿಸಿಕೊಟ್ಟರು. ಅದು ಸೆಕ್ರೆಟರಿಯವರ ಮನೆಯ ಗಾಜಿನ ಬೀರುವಿನಲ್ಲಿದೆ. ಗಾಲ್ಫ್ ಬಲ್ಲವರು ಯಾರೇ ಬೆಂಗಳೂರಿನಿಂದ ಬಂದರೂ ಸೆಕ್ರೆಟರಿಯ ಹೆಂಡತಿ ಅದನ್ನು ಹೊರತೆಗೆದು, ಒರೆಸಿ, ಕೆತ್ತನೆ ಕಾಣುವಂತೆ ಟೀಪಾಯಿಯ ಮೇಲೆ ಇಡುತ್ತಾರೆ. ಒಂಬತ್ತು ಕುಳಿ, ಅರವತ್ತಮೂರು.