ಅತ್ತೆಗೆ ಸುಟ್ಟ ಬಂಗುಡೆ

ಒಂದು ಒಲೆ ಆಯ್ದುಕೊಳ್ಳಲು ನನ್ನ ಸೋದರಮಾವ ಪಟ್ಟಷ್ಟು ಪಾಡನ್ನು ಮಗಳಿಗೆ ಗಂಡು ಹುಡುಕುವವರೂ ಪಟ್ಟಿರಲಿಕ್ಕಿಲ್ಲ. ಒಲೆಯೆಂದರೆ ಅಡುಗೆಮನೆಯದಲ್ಲ, ಅಂಗಳದಲ್ಲಿಟ್ಟು ಮೀನು, ಕೋಳಿ ಸುಡುವ ಬಾರ್ಬೆಕ್ಯೂ ಒಲೆ. ಇದರಲ್ಲಿ ವಿಚಿತ್ರವೇನು ಬಂತು, ಉಪ್ಪಳದಲ್ಲಿ ಗಲ್ಫಿನಿಂದ ಬಂದ ಎಷ್ಟೋ ಮಂದಿಯ ಅಂಗಳದಲ್ಲಿ ಅಂಥದ್ದೊಂದು ಉಂಟಲ್ಲ ಎಂದು ನೀವು ಕೇಳಬಹುದು. ವಿಚಿತ್ರವೇನೂ ಇಲ್ಲ. ಮಾವ ಒಲೆ ಹುಡುಕುತ್ತಿದ್ದದ್ದು ಅತ್ತೆಗೆ ಸುಟ್ಟ ಬಂಗುಡೆ ತಿನ್ನಿಸಲಿಕ್ಕೆ. ಅತ್ತೆ ತೀರಿಹೋಗಿದ್ದರು, ಅಷ್ಟೇ.

ಮಾವ ಶಾರ್ಜಾದಲ್ಲಿ ಲಾರಿ ರಿಪೇರಿಯ ಗ್ಯಾರೇಜಿನಲ್ಲಿದ್ದರು. ಶುಕ್ರವಾರ ರಜೆ. ಅವತ್ತು ಕ್ವಾರ್ಟರ್ಸಿನ ತಾರಸಿಯಲ್ಲಿ ಗೆಳೆಯರೆಲ್ಲ ಸೇರಿ ಮೀನು ಸುಡುವುದು, ಸುಡುತ್ತಲೇ ಅತ್ತೆಗೆ ಫೋನು ಮಾಡುವುದು. "ಈಗ ಮಗುಚಿದೆ, ಈಗ ನಿಂಬೆಹುಳಿ ಹಿಂಡಿದೆ" ಎಂದು ಕ್ರಿಕೆಟ್ ಕಾಮೆಂಟರಿಯ ಹಾಗೆ! ಅತ್ತೆ ಇಲ್ಲಿ ಗಂಜಿಯ ಮುಂದೆ ಕೂತು ಕೇಳುತ್ತಿದ್ದರು. "ಊರಿಗೆ ಬಂದಾಗ ನಂಗೂ ಒಂದು ಸುಟ್ಟು ಕೊಡಿ" ಎಂದು ಪ್ರತಿ ಸಲ ಹೇಳುತ್ತಿದ್ದರು. ರಜೆಗೆ ಬಂದರೆ ಮದುವೆ, ಮನೆ ಒಕ್ಕಲು, ನೆಂಟರು. ಮೀನು ಸುಡಲು ಪುರುಸೊತ್ತು ಯಾರಿಗೆ? ಕೊನೆಗೆ ಮಾವ ಕೆಲಸ ಬಿಟ್ಟು ಬರುವುದೆಂದು ನಿಶ್ಚಯವಾಗಿ, ಅವರಿಗಿಂತ ಮೊದಲು ಒಂದು ಒಲೆ ಕಾರ್ಗೋದಲ್ಲಿ ಹೊರಟಿತು. ಜ್ವರವೆಂದು ಮಲಗಿದ ಅತ್ತೆ ಅದು ಬಂದು ಮುಟ್ಟುವ ಮೊದಲೇ ಹೊರಟುಬಿಟ್ಟರು. ಒಲೆಯ ಪೆಟ್ಟಿಗೆ ಮನೆ ತಲುಪಿದಾಗ ಅವರ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಹಾಕಿದ ಚಪ್ಪರ ಇನ್ನೂ ಬಿಚ್ಚಿರಲಿಲ್ಲ.

"ಅವಳದ್ದು ಒಂದು ಆಸೆ ಬಾಕಿ ಉಂಟು" ಎಂದರು ಮಾವ. "ಅದು ತೀರದೆ ಅವಳಿಗೂ ನೆಮ್ಮದಿ ಇಲ್ಲ, ನಂಗೂ ಇಲ್ಲ."

ಸತ್ತವರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸಿ, ಬಾಗಿಲೆಳೆದುಕೊಂಡು ಹೊರಗೆ ಕಾಯುವ ಕ್ರಮ ನಮ್ಮಲ್ಲಿ ಮೊದಲಿಂದಲೂ ಉಂಟು. ಅದಕ್ಕೆ ಯಾರದೂ ತಕರಾರಿಲ್ಲ. ಆದರೆ ಮಾವನದು ಆದಿತ್ಯವಾರದ ಕಾರ್ಯಕ್ರಮ! ಅದೂ ಅಂಗಳದಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಮುಂದೆ ಸ್ಟೂಲಿನ ಮೇಲೆ ಬಾಳೆಲೆ ಇಟ್ಟು. ಅಮ್ಮನಿಗೆ ಅಣ್ಣನ ತಲೆ ಕೆಟ್ಟಿತೋ ಎಂಬ ಹೆದರಿಕೆ. ಹಾಗಾಗಿ ನಾವಿಬ್ಬರೂ ಬೋವಿಕಾನದ ನಮ್ಮ ಮನೆಯಿಂದ ಹೊರಟು, ಕಾಸರಗೋಡಿನಲ್ಲಿ ಬಸ್ಸು ಬದಲಾಯಿಸಿ ಆಗಾಗ ಬಂದು ನೋಡಿ ಹೋಗುತ್ತಿದ್ದೆವು. ನೋಡಲು ಬಂದವರು ಎರಡೆರಡು ಮೀನು ತಿಂದು ಹೋಗುತ್ತಿದ್ದೆವು ಎಂಬುದನ್ನೂ ಹೇಳಿಬಿಡುತ್ತೇನೆ.

ಶಾರ್ಜಾದಿಂದ ಬಂದದ್ದು ಕಬ್ಬಿಣದ ಉದ್ದನೆಯ ತೊಟ್ಟಿಯಂಥ ಒಲೆ. ಅದಕ್ಕೆ ಇದ್ದಲು ಸುರಿದು ಮಾವ ಬೀಸಣಿಗೆ ಬೀಸಿದರು. ಮೂರ್ಸಂಜೆಯ ಹೊತ್ತು. ಮೀನು ಬೆಂದು ಘಮ ಬರುತ್ತಿದ್ದಂತೆ ಗೇಟಿನ ಚಿಲಕ ಟಿಣ್ ಎಂದಿತು. ಮತ್ತೊಮ್ಮೆ ಟಿಣ್ ಎಂದಿತು. ತುಕ್ಕು ಹಿಡಿದ ಆ ಚಿಲಕವನ್ನು ಎರಡು ಸಲ ಎತ್ತದೆ ತೆಗೆಯಲಿಕ್ಕಾಗದು, ಅತ್ತೆ ಯಾವಾಗಲೂ ಹಾಗೆ ತೆಗೆಯುತ್ತಿದ್ದರು. ನಾನು ಹೋಗಿ ನೋಡಿದೆ. ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಎಲೆಯ ಮೇಲಿಟ್ಟ ಬಂಗುಡೆ ತಣಿದು ಗಟ್ಟಿಯಾಯಿತು.

"ಬಂದಿದ್ದಳು, ಒಳಗೆ ಬರಲಿಲ್ಲ" ಎಂದರು ಮಾವ. "ಒಲೆ ಸರಿ ಇಲ್ಲ."

ಸರಿ, ಒಲೆ ಬದಲಾಯಿಸಲು ಮಂಗಳೂರಿಗೆ ಹೊರಟೆವು. ಅಂಗಡಿಯವನು ದೊಡ್ಡ ಮುಚ್ಚಳದ, ಗುಡಾಣದಂಥ ಒಲೆ ತೋರಿಸಿದ. "ಎಷ್ಟು ಜನಕ್ಕೆ ಸಾರ್?"

"ಒಬ್ಬಳಿಗೆ. ಹೆಂಡತಿಗೆ."

"ಹಾಗಾದ್ರೆ ಅವರನ್ನೇ ಕರ್ಕೊಂಡು ಬನ್ನಿ ಸಾರ್, ನೋಡಿ ಆರಿಸ್ಲಿ."

"ಕರೀಲಿಕ್ಕೇ ಅಲ್ವಾ ಮಾರಾಯ ಈ ಒಲೆ" ಎಂದರು ಮಾವ. ಅಂಗಡಿಯವನು ನನ್ನ ಮುಖ ನೋಡಿದ. ನಾನು ಗೋಡೆಗೆ ತೂಗುಹಾಕಿದ ಇಕ್ಕಳಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಗುಡಾಣದ ಒಲೆಯಲ್ಲಿ ಮೀನು ಬೆಣ್ಣೆಯ ಹಾಗೆ ಬೆಂದಿತು. ಚಿಲಕ ಟಿಣ್ ಟಿಣ್ ಎಂದಿತು. ಅಷ್ಟೇ. ಪೇಟೆಯ ಇದ್ದಲು ಅವಳಿಗೆ ಹಿಡಿಸಲಿಕ್ಕಿಲ್ಲವೆಂದು ಮುಂದಿನ ಸಲ ಮನೆಯ ಗೆರಟೆಗಳನ್ನೇ ಸುಟ್ಟು ಇದ್ದಲು ಮಾಡಿದರು. ತೆಂಗಿನ ಗೆರಟೆಯ ಕೆಂಡಕ್ಕೆ ಸಮ ಯಾವುದುಂಟು? ಹೊಗೆ ಕಡಿಮೆ, ಕಾವು ಹೆಚ್ಚು, ರುಚಿಯೂ ಬೇರೆಯೇ. ಅವತ್ತು ಚಿಲಕ ಸದ್ದಾದಾಗ ಮಾವ ತಾವೇ ಹೋಗಿ ಗೇಟು ಅಗಲ ತೆರೆದು ನಿಂತರು.

"ಬಾ ಮಾರಾಯ್ತಿ, ಎಂತಕ್ಕೆ ಅಲ್ಲೇ ನಿಂತದ್ದು? ನಿನ್ನದೇ ಮನೆ ಅಲ್ವಾ?"

ರಸ್ತೆ ಖಾಲಿ ಇತ್ತು. ಆಚೆ ಮನೆಯ ನಾಯಿ ಗೇಟಿನ ಹೊರಗಿನ ಒಂದೇ ಜಾಗವನ್ನು ನೋಡುತ್ತ ಬಾಲ ಅಲ್ಲಾಡಿಸುತ್ತಿತ್ತು. ನಮ್ಮನ್ನು ಕಂಡರೆ ಬೊಗಳುವ ನಾಯಿ ಅದು. ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನನಗೂ ನಗು ಬರಲಿಲ್ಲ.

ಹೊರಡುವಾಗ ಅಮ್ಮ ಮನೆಗೆಂದು ಎರಡು ಮೀನು ಬಾಳೆಲೆಯಲ್ಲಿ ಕಟ್ಟಿದಳು. ಕಟ್ಟುವಾಗ ಒಲೆಯ ಬದಿಯಲ್ಲಿ ಆರಿದ ಇದ್ದಲಿನ ತುಂಡೊಂದನ್ನು ಹೆಕ್ಕಿ ಪೊಟ್ಟಣದೊಳಗೆ ಹಾಕಿದಳು. ಮೀನು, ಮಾಂಸ ಕಟ್ಟಿಕೊಂಡು ದಾರಿ ನಡೆಯುವಾಗ ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ಯಾರೂ ಯೋಚಿಸಿ ಮಾಡುವುದಲ್ಲ, ಕೈಯೇ ಮಾಡುತ್ತದೆ.

ಮಾವ ನೋಡುತ್ತಿದ್ದರು. "ಅದೆಂತಕ್ಕೆ ಹಾಕಿದ್ದು?"

"ಎಂತಕ್ಕೆ ಅಂದರೆ? ಇದ್ದಲು ಇದ್ದರೆ ಸತ್ತವರು ಹತ್ತಿರ ಬರುವುದಿಲ್ಲ ಅಲ್ವಾ ಅಣ್ಣ. ವಾಸನೆಗೆ ಹಿಂದೆ ಬರಬಾರದು ಅಂತ..." ಎಂದವಳು ಅರ್ಧಕ್ಕೇ ನಿಲ್ಲಿಸಿದಳು.

ಮಾವ ಒಲೆ ನೋಡಿದರು. ಒಲೆಯ ತುಂಬ ಇದ್ದಲು. ಪಕ್ಕದಲ್ಲಿ ಇನ್ನೂ ಒಂದು ಗೋಣಿ ಇದ್ದಲು. ಅತ್ತೆಯ ಕುರ್ಚಿಗೂ ಗೇಟಿಗೂ ನಡುವೆ, ಕೋಟೆ ಕಟ್ಟಿದ ಹಾಗೆ! ಅಷ್ಟು ವರ್ಷ ಗಲ್ಫಿನಲ್ಲಿದ್ದ ಮಾವನಿಗೆ ಇದು ಮರೆತೇಹೋಗಿತ್ತು. ಅಲ್ಲಿ ಹಿಂದೆ ಬರುವವರಿಗೆ ವೀಸಾ ಯಾರು ಕೊಡುತ್ತಾರೆ? ಅವರು ಮೆಲ್ಲನೆ ಆ ಖಾಲಿ ಕುರ್ಚಿಯಲ್ಲೇ ಕುಸಿದು ಕೂತರು.

"ಕರೆದದ್ದೂ ನಾನೇ, ಅಡ್ಡ ಹಾಕಿದ್ದೂ ನಾನೇ" ಎಂದರು. "ಪಾಪ, ಹೊರಗೇ ನಿಂತು ಹೋದಳು."

ಆ ಮೇಲೆ ಶುರುವಾಯಿತು ನೋಡಿ, ನಿಜವಾದ ಆಯ್ಕೆ. ಸೌದೆ ಉರಿಸುವುದೆಂದರೆ ಅದೂ ಕೊನೆಗೆ ಇದ್ದಲೇ ಆಗುತ್ತದೆ. ಗೆರಟೆಯನ್ನು ಹಾಗೇ ಉರಿಸಿದರೂ ಅದೇ ಕತೆ. ಕರೆಂಟಿನ ಒಲೆ ತರೋಣವೆಂದರೆ ಮೂರ್ಸಂಜೆಗೆ ಸರಿಯಾಗಿ ಕರೆಂಟು ಹೋಗುವ ಊರು. ಉಳಿದದ್ದು ಗ್ಯಾಸು.

"ಗ್ಯಾಸಿಗೆ ಹೊಗೆ ಎಲ್ಲಿ ಉಂಟು? ಹೊಗೆ ಇಲ್ಲದೆ ಅವಳಿಗೆ ಗೊತ್ತಾಗುವುದು ಹೇಗೆ?" ಎಂದು ಮಾವನ ಚಿಂತೆ.

"ಬಂಗುಡೆಯ ನೆಣ ಬಿಸಿ ತಗಡಿನ ಮೇಲೆ ಬಿದ್ದರೆ ತಾನೇ ಹೊಗೆ ಬರ್ತದೆ ಮಾವ" ಎಂದೆ ನಾನು. ಓದಿದವಳು ನಾನು, ಸತ್ತವರ ಮೂಗಿಗೆ ತಲುಪುವ ಹೊಗೆಯ ಬಗ್ಗೆ ಗಂಭೀರವಾಗಿ ಸಲಹೆ ಕೊಡುತ್ತಿದ್ದೆ. ಮಾವನ ಜೊತೆ ಸ್ವಲ್ಪ ದಿನ ಓಡಾಡಿ, ನೀವೂ ಕೊಡುತ್ತೀರಿ.

ಗ್ಯಾಸಿನ ಒಲೆ ಬಂತು. ಮಾವ ಅಂಗಳವನ್ನು ಗುಡಿಸಿ, ತೊಳೆದು, ಇದ್ದಲಿನ ಚೂರೂ ಉಳಿಯದಂತೆ ಮಾಡಿದರು. ಅಡುಗೆಮನೆಯ ಹಿಂದಿನ ಬೂದಿಯನ್ನೂ ದೂರ ಹಾಕಿ ಬಂದರು. ಒಳ್ಳೆ ನೆಣವಿದ್ದ ಬಂಗುಡೆ ಆರಿಸಿ ಮಸಾಲೆ ಹಚ್ಚಿ ಇಟ್ಟರು. ನೆಣ ಚುರ್ ಎಂದು ಸುಟ್ಟು ಹೊಗೆ ಎದ್ದಿತು. ಎಲೆಗೆ ಬಡಿಸಿ ಮೂವರೂ ಮೆಟ್ಟಿಲಲ್ಲಿ ಕೂತೆವು.

ಚಿಲಕ ಟಿಣ್ ಎಂದಿತು. ಮತ್ತೊಮ್ಮೆ ಟಿಣ್. ಆಮೇಲೆ, ಇಷ್ಟು ಸಲದಲ್ಲಿ ಎಂದೂ ಕೇಳದ ಸದ್ದು. ಗೇಟು ಕಿರುಗುಟ್ಟಿತು. ಅಷ್ಟು ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮಬ್ಬಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ್ದು ಕೇಳಿಸಿತು.

ದೀಪ ಬಂದಾಗ ಕುರ್ಚಿ ಸ್ಟೂಲಿಗೆ ಇನ್ನಷ್ಟು ಹತ್ತಿರ ಇತ್ತು. ಎಲೆಯಲ್ಲಿ ಬಂಗುಡೆಯ ನಡುಮುಳ್ಳು ಮಾತ್ರ ಉಳಿದಿತ್ತು. ತಲೆ ಎಲೆಯ ತುದಿಯಲ್ಲಿ, ಸರಿಸಿಟ್ಟ ಹಾಗೆ ಇತ್ತು.

"ಬೆಕ್ಕು" ಎಂದೆ. ಸ್ವರ ನನ್ನದೆಂದು ನನಗೇ ಅನಿಸಲಿಲ್ಲ.

"ತಲೆ ಬಿಟ್ಟು ಹೋಗುವ ಬೆಕ್ಕನ್ನು ನೀನು ಎಲ್ಲಾದರೂ ಕಂಡದ್ದುಂಟಾ ಮಗಾ?" ಎಂದರು ಮಾವ. "ಅವಳು ಯಾವಾಗ್ಲೂ ತಲೆ ತಿನ್ನುವುದಿಲ್ಲ. ನಂಗೆ ಅಂತ ಬದಿಗಿಡುವುದು."

ಸತ್ತವರ ಎಲೆಯಿಂದ ಬದುಕಿದವರು ತಿನ್ನಬಾರದು. ಅಮ್ಮ ಬೇಡ ಎನ್ನಲು ಬಾಯಿ ತೆರೆದಳು. ಮಾವ ಅಷ್ಟರಲ್ಲಿ ಆ ಕುರ್ಚಿಯ ಪಕ್ಕ ನೆಲದಲ್ಲಿ ಕೂತು, ಆ ಮೀನಿನ ತಲೆಯನ್ನು ಎತ್ತಿಕೊಂಡು, ಚಪ್ಪರಿಸಿ ತಿನ್ನತೊಡಗಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು. "ಖಾರ ಸ್ವಲ್ಪ ಹೆಚ್ಚಾಯ್ತು ಅಲ್ವಾ?" ಎಂದರು, ಯಾರಿಗೆ ಹೇಳಿದ್ದೆಂದು ನಾವು ಕೇಳಲಿಲ್ಲ.

ಹೊರಡುವಾಗ ಅಮ್ಮ ಎಂದಿನಂತೆ ಮೀನು ಕಟ್ಟಿದಳು. ಕೈ ಅಭ್ಯಾಸದಂತೆ ಇದ್ದಲು ಹುಡುಕಿತು.

"ಹಾಕಬೇಡ" ಎಂದರು ಮಾವ. "ನಿನ್ನ ಮನೆಗೊಮ್ಮೆ ಬರಬೇಕು ಅಂತ ಅವಳಿಗೆ ಎಷ್ಟು ಆಸೆ ಇತ್ತು, ನಿಂಗೇ ಗೊತ್ತುಂಟಲ್ಲ. ಬಸ್ಸಿಗೆ ಹೆದರಿ ಬರಲೇ ಇಲ್ಲ. ನಾಲ್ಕು ದಿನ ಇದ್ದು ಬರಲಿ."

ದೆವ್ವವೆಂದರೆ ಹಗಲಲ್ಲೂ ನಡುಗುವ ನನ್ನ ಅಮ್ಮ ಆ ಕುರ್ಚಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ಇದ್ದಲು ಹಾಕದೆಯೇ ಪೊಟ್ಟಣಕ್ಕೆ ದಾರ ಬಿಗಿದಳು.

ಉಪ್ಪಳದಲ್ಲಿ ಬಸ್ಸು ಹತ್ತಿದೆವು. ಮೂವರು ಕೂರುವ ಸೀಟಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂರದೆ ನಡುವೆ ಕೂತಳು. ನನಗೆ ಈ ತುದಿ. ಬಸ್ಸು ತುಂಬಿತು. ಒಬ್ಬ ಹೆಂಗಸು ಬಂದು ಒಳಗೆ ಸರಿಯಲು ಹೇಳಿದಳು.

"ಅಲ್ಲಿ ಆಳು ಉಂಟು" ಎಂದಳು ಅಮ್ಮ.

ಕಂಡಕ್ಟರ್ ಬಂದ. "ಕಾಸರಗೋಡು, ಮೂರು" ಎಂದು ಅಮ್ಮ ನೋಟು ಚಾಚಿದಳು. ಅವನು ನಮ್ಮಿಬ್ಬರನ್ನೂ ನೋಡಿದ, ಖಾಲಿ ಜಾಗವನ್ನೂ ನೋಡಿದ, ಏನೂ ಕೇಳದೆ ಮೂರು ಟಿಕೆಟು ಹರಿದು ಕೊಟ್ಟ. ಬಸ್ಸು ಹೊರಟ ಮೇಲೆ ಅಮ್ಮ ಬಾಗಿ, ಆ ಖಾಲಿ ಜಾಗದ ಪಕ್ಕದ ಕಿಟಕಿಯ ಪರದೆಯನ್ನು ಪೂರ್ತಿ ಮೇಲೆತ್ತಿ ಕಟ್ಟಿದಳು.

"ಗಾಳಿ ಬರಲಿ" ಎಂದಳು. "ಅತ್ತಿಗೆಗೆ ಬಸ್ಸಿನಲ್ಲಿ ವಾಂತಿ ಬರ್ತದೆ."