ಆರು ಪೌಂಡ್ ಮೇಸ್ತ್ರಿ

ಚಾಮರಾಜಪೇಟೆಯ ನಮ್ಮ ಗ್ಯಾರೇಜಿನಲ್ಲಿ ನಗು ಬರದ ವಾರವೇ ಇಲ್ಲ. ಗಾಡಿ ರಿಪೇರಿಯಾಗುತ್ತೆ, ಓನರುಗಳು ಆಗಲ್ಲ. ನಾನಿಲ್ಲಿ ಸ್ಪ್ಯಾನರ್ ಹಿಡಿದು ಹನ್ನೊಂದು ವರ್ಷವಾಯ್ತು, ನಮ್ಮ ಮೇಸ್ತ್ರಿಯಂಥ ಇನ್ನೊಬ್ಬರನ್ನು ನೋಡಿಲ್ಲ. ಮುಖಸ್ತುತಿ ಅಲ್ಲ, ಅವರು ಇದನ್ನು ಓದೋದೂ ಇಲ್ಲ.

ತೂತು

ಮಲ್ಲೇಶ್ವರದ ಒಬ್ಬರು ತಮ್ಮ ಹಳೇ ಕಾರಿಗೆ ಸೂಪರ್‌ಚಾರ್ಜರ್ ಹಾಕಿಸಿದ್ದರು. ಎಂಜಿನ್ನಿನೊಳಕ್ಕೆ ಗಾಳೀನ ಬಲವಂತವಾಗಿ ತುರುಕೋ ಯಂತ್ರ ಅದು. ಒಳಗಿನ ಪಿಸ್ಟನ್ ಮಾತ್ರ ಕಂಪನಿಯಿಂದ ಬಂದದ್ದೇ. ಒಂದು ದಿನ ಕಾರನ್ನು ಎಳೆದುಕೊಂಡು ಬಂದರು. ಬಿಚ್ಚಿದರೆ ಪಿಸ್ಟನ್ ತಲೆ ಕರಗಿ, ಹೆಬ್ಬೆರಳು ತೂರುವಷ್ಟು ತೂತು.

"ಎಷ್ಟು ಪ್ರೆಶರ್ ಕೊಟ್ರಿ ಸಾರ್?"

"ಹನ್ನೆರಡು ಪೌಂಡ್."

"ಇದಕ್ಕೆ ಆರು ದಾಟಬಾರದು."

"ತಡ್ಕೊಳ್ಳುತ್ತೆ ಅಂತ ಇಂಟರ್ನೆಟ್ಟಲ್ಲಿ ಎಲ್ರೂ ಬರ್ದಿದಾರೆ ಮೇಸ್ತ್ರಿ."

ಮೇಸ್ತ್ರಿ ಆ ತೂತಿನಿಂದಲೇ ಅವರನ್ನು ನೋಡಿ, "ಪಿಸ್ಟನ್ ಅದನ್ನ ಓದಿಲ್ಲ ಸಾರ್" ಅಂದರು.

ಕಿವಿ

ಸಿಲಿಂಡರ್ ಕೊರೆಸಿ ದೊಡ್ಡ ಸೈಜಿನ ಪಿಸ್ಟನ್ ಕೂರಿಸಿದೆವು. "ಇನ್ನು ಕೊರೆಯೋಕೆ ಜಾಗ ಇಲ್ಲ. ಇನ್ನೊಂದ್ಸಲ ಹೋದ್ರೆ ಗಾಡಿ ಗುಜರಿಗೇ" ಅಂದರು ಮೇಸ್ತ್ರಿ. ಓನರ್ ಮುಖ ಸಪ್ಪಗಾಯ್ತು. ಆ ಕಾರಂದ್ರೆ ಅವರಿಗೆ ಪ್ರಾಣ.

ಆದರೂ ನಾಯಿ ಬಾಲ ಡೊಂಕು. ಎರಡು ವಾರ ಬಿಟ್ಟು ಕಾರು ನಮ್ಮ ರಸ್ತೆಗೆ ತಿರುಗಿತು. ಕಾಫಿ ಕುಡೀತಿದ್ದ ಮೇಸ್ತ್ರಿ ತಲೆ ಎತ್ತದೆ, "ಎಲ್ಲೋ ಸೂಪರ್‌ಚಾರ್ಜರಿಗೆ ಚಿಕ್ಕ ಪುಲ್ಲಿ ಹಾಕಿಸ್ಕೊಂಡಿದಾರೆ. ಅದು ಜೋರಾಗಿ ತಿರುಗಿ, ಗಾಳಿ ಜಾಸ್ತಿಯಾಗಿ ಒಳಗೆ ಕಟಕಟ ಅಂತಿದೆ, ಕೇಳಿಸ್ತಾ?" ಅಂದರು. ನನಗೆ ಕೇಳಿಸಿದ್ದು ಸೊಪ್ಪಿನವಳ ಕೂಗು ಮಾತ್ರ. ಬಾನೆಟ್ ತೆಗೆದರೆ ಹೌದು, ಚಿಕ್ಕ ಪುಲ್ಲಿ. ನಾನು ಮನಸ್ಸಲ್ಲೇ ಕೈ ಮುಗಿದೆ.

ಅಷ್ಟರಲ್ಲಿ ಮಹಡಿ ಮೇಲಿಂದ ಮೇಸ್ತ್ರಿಯ ಹೆಂಡತಿ ಅಂದರು, "ಊಟಕ್ಕೆ ಬನ್ನಿ ಅಂತ ಮೂರ್ಸಲ ಕೂಗ್ದೆ, ಕಿವಿ ಕೇಳಲ್ವಾ?"

ಕುಂಕುಮ

ಹಳೇ ಪುಲ್ಲಿ ವಾಪಸ್ ಹಾಕಿದರೂ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಪ್ರೆಶರ್ ಮೀಟರಿನ ಮುಳ್ಳು ಆರು ದಾಟುತ್ತಿತ್ತು. "ಗಾಡೀಲಿ ಜೊತೆಗೆ ಯಾರು ಕೂರ್ತಾರೆ?" ಅಂತ ಮೇಸ್ತ್ರಿ ಕೇಳಿದರು.

"ಗುರುವಾರ ಮಠಕ್ಕೆ ಅಮ್ಮ ಬರ್ತಾರೆ."

"ಆಯುಧಪೂಜೆಗೆ ಅವರನ್ನೂ ಕರ್ಕೊಂಡ್ಬನ್ನಿ."

ಪೂಜೆಯಾದ ಮೇಲೆ ಮೇಸ್ತ್ರಿ ಪ್ರೆಶರ್ ಮೀಟರಿನ ಗಾಜಿನ ಮೇಲೆ, ಸರಿಯಾಗಿ ಆರರ ಹತ್ರ, ಕುಂಕುಮ ಇಟ್ಟರು. "ಅಮ್ಮಾ, ಈ ಮುಳ್ಳು ಕುಂಕುಮ ದಾಟಬಾರದು, ನೋಡ್ಕೊಳ್ಳಿ" ಅಂದರು, ಅಷ್ಟೇ. ಎಂಥ ತಲೆ ಅಂತೀರಿ.

ತಿಂಗಳಾದ ಮೇಲೆ ಓನರ್ ಅಮ್ಮನ ಜೊತೆಗೇ ಬಂದರು. ಪಿಸ್ಟನ್ ನೋಡಿದೆವು, ಗುಂಡುಕಲ್ಲಿನ ಹಾಗಿತ್ತು. ಸೊರಗಿದ್ದು ಓನರ್ರು.

"ಮೇಸ್ತ್ರಿ, ಆ ಕುಂಕುಮ ಒರೆಸ್ಬಿಡಿ, ನಿಮ್ಮ ದಮ್ಮಯ್ಯ. ಅಮ್ಮ ಈಗ ದಿನಾ ಜೊತೆಗೇ ಬರ್ತಾರೆ, ತರಕಾರಿಗೂ. ಕಣ್ಣು ರಸ್ತೆ ಮೇಲಿಲ್ಲ, ಮುಳ್ಳಿನ ಮೇಲೆ. ಮುಳ್ಳು ಐದಕ್ಕೆ ಬಂದ್ರೆ ಸಾಕು, ತೊಡೆಗೆ ಚಿವುಟ್ತಾರೆ."

"ನೀವೇ ಒರೆಸಬಹುದಿತ್ತಲ್ಲ ಸಾರ್."

"ಪೂಜೆ ಕುಂಕುಮ ನಾನು ಒರೆಸೋದಾ, ಅಮ್ಮನ ಎದುರಿಗೆ?"

ಮೇಸ್ತ್ರಿ ಬಟ್ಟೆ ತಗೊಂಡು ಕಿಟಕಿ ಹತ್ರ ಬಗ್ಗಿ ಕೇಳಿದರು, "ಅಮ್ಮಾ, ಇದನ್ನ ಒರೆಸ್ಲಾ?"

ಅಮ್ಮ ಕೂಡಲೇ ಒಪ್ಪಿದರು. "ಒರೆಸಿಪ್ಪಾ, ನಾನೇ ಹೇಳೋಣಾಂತಿದ್ದೆ. ಒರೆಸಿ ನಾಲ್ಕರ ಹತ್ರ ಇಡಿ."